ಟೀಮಿಗೆ ಅರ್ಥವಾಗುವ ಡಯಾಗ್ರಾಮ್ ಬೇಕೇ? ಬಾಣಗಳನ್ನು ಸರಿಮಾಡಿ

ಒಂದು ಸಾಫ್ಟ್‌ವೇರ್ ಪ್ರಾಜೆಕ್ಟ್‌ನಲ್ಲಿ ನಾನು ಬಿಡಿಸಿದ ಸೀಕ್ವೆನ್ಸ್ ಡಯಾಗ್ರಾಮ್‌ನಲ್ಲಿ (ಯಾವ ಭಾಗ ಯಾವುದಕ್ಕೆ ಯಾವ ಕ್ರಮದಲ್ಲಿ ಸಂದೇಶ ಕಳಿಸುತ್ತದೆ ಎಂದು ತೋರಿಸುವ ಚಿತ್ರ) ಒಂದೇ ಒಂದು ಬಾಣ ತಪ್ಪಾಗಿತ್ತು. ಆರ್ಡರ್ ಸರ್ವಿಸ್‌ನಿಂದ ಇನ್‌ವಾಯ್ಸ್ ಸರ್ವಿಸ್‌ಗೆ ಹೋಗುವ ಬಾಣ ಅದು. ಆರ್ಡರ್ ಸರ್ವಿಸ್ ಸುದ್ದಿ ಮುಟ್ಟಿಸಿ ತನ್ನ ಪಾಡಿಗೆ ಮುಂದೆ ಹೋಗಬೇಕು, ಉತ್ತರಕ್ಕೆ ಕಾಯಬಾರದು ಅಂತ ನನ್ನ ಮನಸ್ಸಿನಲ್ಲಿತ್ತು. ಬಿಡಿಸಿದ್ದು ಮಾತ್ರ ಕಪ್ಪು ತುಂಬಿದ ತಲೆಯ ಬಾಣ. ಇಂಥ ಚಿತ್ರಗಳಿಗಾಗಿ ಇರುವ ಪ್ರಮಾಣಿತ ಗುರುತುಗಳ ಪದ್ಧತಿ ಯುಎಂಎಲ್‌ನಲ್ಲಿ ಅದರರ್ಥ ‘ಕೇಳು, ಉತ್ತರ ಬರುವ ತನಕ ಕಾಯಿ’ ಎಂದು. ಕೋಡ್ ಬರೆದವರು ಚಿತ್ರದಲ್ಲಿ ಇದ್ದಂತೆಯೇ ಬರೆದರು. ಇನ್‌ವಾಯ್ಸ್ ಸರ್ವಿಸ್ ನಿಧಾನವಾದಾಗಲೆಲ್ಲ ಆರ್ಡರ್ ಪುಟವೂ ನಿಂತುಬಿಡುತ್ತಿತ್ತು. ಎರಡು ದಿನ ಕೋಡ್ ಹುಡುಕಿದ ಮೇಲೆ ಮೂಲ ನನ್ನ ಚಿತ್ರದಲ್ಲಿ ಸಿಕ್ಕಿತು.

ಅಂದಿನಿಂದ ಯಾವ ಡಯಾಗ್ರಾಮ್ ಕೈಗೆ ಬಂದರೂ ಮೊದಲು ಬಾಣಗಳನ್ನು ನೋಡುತ್ತೇನೆ. ಬಾಕ್ಸ್‌ಗಳನ್ನು ಹೆಚ್ಚಿನವರು ಚೆನ್ನಾಗಿಯೇ ಬಿಡಿಸುತ್ತಾರೆ. ಎಡವುವುದು ಅವುಗಳ ನಡುವಿನ ಗೆರೆಗಳಲ್ಲಿ.

ಆದರೆ ಗೆರೆ ಎಳೆಯುವ ಮುಂಚೆ ಒಂದು ಕೆಲಸ ಇದೆ. ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ ಅಂತ ಒಂದು ವಾಕ್ಯ ಬರೆಯಿರಿ. ಅದೇ ನಿಮ್ಮ ಶೀರ್ಷಿಕೆ. ‘ಆರ್ಡರ್ ಸಿಸ್ಟಮ್’ ಅಂದರೆ ಏನೂ ತಿಳಿಯುವುದಿಲ್ಲ. ‘ಹಣ ಕಟ್ಟುವಾಗ ನೆಟ್‌ವರ್ಕ್ ಹೋದರೆ ಆರ್ಡರ್ ಏನಾಗುತ್ತದೆ?’ ಅಂತ ಬರೆದು ನೋಡಿ. ಯಾವ ಬಾಕ್ಸ್ ಬೇಕು, ಯಾವುದು ಬೇಡ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಡಯಾಗ್ರಾಮ್‌ನ ಬಗೆಯನ್ನೂ ಆ ಪ್ರಶ್ನೆಯೇ ಹೇಳುತ್ತದೆ. ಯಾವುದರ ನಂತರ ಯಾವುದು ಅನ್ನುವುದಕ್ಕೆ ಸೀಕ್ವೆನ್ಸ್. ಒಂದು ಆರ್ಡರ್ ಯಾವ ಯಾವ ಸ್ಥಿತಿ ದಾಟುತ್ತದೆ ಅನ್ನುವುದಕ್ಕೆ ಸ್ಟೇಟ್. ಯಾವುದು ಎಲ್ಲಿ ಓಡುತ್ತದೆ ಅನ್ನುವುದಕ್ಕೆ ಡಿಪ್ಲಾಯ್‌ಮೆಂಟ್. ಯುಎಂಎಲ್ 2.5ರಲ್ಲಿ 14 ಬಗೆಗಳಿವೆ. ನನ್ನ ಕೆಲಸಕ್ಕೆ ಈ ಮೂರರ ಜೊತೆ, ಕೋಡ್‌ನ ಕ್ಲಾಸ್‌ಗಳನ್ನೂ ಅವುಗಳ ಸಂಬಂಧವನ್ನೂ ತೋರಿಸುವ ಕ್ಲಾಸ್ ಡಯಾಗ್ರಾಮ್ ಇದ್ದರೆ ಸಾಕಾಗಿದೆ.

ಈಗ ಬಾಣಕ್ಕೆ ಬರೋಣ. ಪ್ರತಿ ಬಾಣದ ಮೇಲೂ ಒಂದು ಕ್ರಿಯಾಪದ ಇರಲಿ. ಬಾಣದ ಮೇಲೆ ಸುಮ್ನೆ ‘ಡೇಟಾ’ ಅಂತ ಬರೆದರೆ ಓದುವವರು ಊಹೆ ಮಾಡಬೇಕು. ‘ಆರ್ಡರ್ ಐಡಿ ಕೊಟ್ಟು ಹಣ ಬಂದಿದೆಯೇ ಎಂದು ಕೇಳುತ್ತದೆ’ ಅಂತ ಬರೆದರೆ ಊಹೆಗೆ ಜಾಗವೇ ಇಲ್ಲ. ಬಾಕ್ಸ್, ಬಾಣ, ಬಾಕ್ಸ್ ಮೂರನ್ನೂ ಸೇರಿಸಿ ಓದಿದಾಗ ಒಂದು ಪೂರ್ತಿ ವಾಕ್ಯ ಆಗಬೇಕು. ಗಟ್ಟಿಯಾಗಿ ಓದಿಯೇ ನೋಡಿ.

ದಿಕ್ಕಿನ ಗೊಂದಲ ಇನ್ನೂ ಜಾಸ್ತಿ. ಆ್ಯಪ್ ಡೇಟಾಬೇಸ್‌ನಿಂದ ಪಟ್ಟಿ ಓದುತ್ತದೆ ಅಂದುಕೊಳ್ಳಿ. ಕರೆ ಹೋಗುವುದು ಆ್ಯಪ್‌ನಿಂದ ಡೇಟಾಬೇಸ್‌ಗೆ. ಡೇಟಾ ಬರುವುದು ಡೇಟಾಬೇಸ್‌ನಿಂದ ಆ್ಯಪ್‌ಗೆ. ಬಾಣದ ತಲೆ ಎತ್ತ ಇರಬೇಕು? ಎರಡೂ ಸರಿಯೇ. ಆದರೆ ಒಂದೇ ಚಿತ್ರದಲ್ಲಿ ಒಂದು ಬಾಣ ಕರೆಯನ್ನೂ ಇನ್ನೊಂದು ಡೇಟಾವನ್ನೂ ತೋರಿಸಿದರೆ ಅದನ್ನು ಯಾರೂ ನೆಟ್ಟಗೆ ಓದಲಾರರು. ಒಂದನ್ನು ಆರಿಸಿ, ಮೂಲೆಯಲ್ಲಿ ಬರೆದುಬಿಡಿ: ‘ಬಾಣ = ಯಾರು ಯಾರನ್ನು ಕರೆಯುತ್ತಾರೆ’. ಗೆರೆಗಳ ಅರ್ಥವೂ ಅಲ್ಲೇ ಇರಲಿ. ತುಂಬಿದ ತಲೆ ಅಂದರೆ ಕಾಯುವ ಕರೆ, ತೆರೆದ ತಲೆ ಅಂದರೆ ಕಾಯದ ಸುದ್ದಿ, ಚುಕ್ಕೆಗೆರೆ ಅಂದರೆ ವಾಪಸ್ ಉತ್ತರ. ಕ್ಲಾಸ್ ಡಯಾಗ್ರಾಮ್‌ನಲ್ಲಿ ಅದೇ ಚುಕ್ಕೆಗೆರೆಗೆ ಅವಲಂಬನೆ ಅನ್ನುವ ಅರ್ಥ ಬರುತ್ತದೆ. ಅದಕ್ಕೇ ಎಲ್ಲರಿಗೂ ಗೊತ್ತಿರುತ್ತೆ ಅಂತ ಬಿಡಬೇಡಿ.

ಮಟ್ಟಗಳನ್ನು ಬೆರೆಸಬೇಡಿ. ಇಡೀ ಮೊಬೈಲ್ ಆ್ಯಪ್‌ಗೆ ಒಂದು ಬಾಕ್ಸ್, ಅದರ ಪಕ್ಕದಲ್ಲೇ ಒಂದು ಪುಟ್ಟ ಫಂಕ್ಷನ್‌ಗೂ ಒಂದು ಬಾಕ್ಸ್ ಇದ್ದರೆ ಕಣ್ಣು ಗಲಿಬಿಲಿಯಾಗುತ್ತದೆ. ಸೈಮನ್ ಬ್ರೌನ್ ರೂಪಿಸಿದ ಸಿ4 ಪದ್ಧತಿ ಇಲ್ಲಿ ಕೈ ಹಿಡಿಯುತ್ತದೆ: ಕಾಂಟೆಕ್ಸ್ಟ್, ಕಂಟೇನರ್, ಕಾಂಪೊನೆಂಟ್, ಕೋಡ್ ಎಂಬ ನಾಲ್ಕು ಮಟ್ಟ. ಮೊದಲೆರಡರಲ್ಲೇ ಹೆಚ್ಚಿನ ಟೀಮ್‌ಗಳ ಕೆಲಸ ಆಗಿಬಿಡುತ್ತದೆ. ಅಂದಹಾಗೆ, ಅಲ್ಲಿನ ಕಂಟೇನರ್‌ಗೂ, ಪ್ರೋಗ್ರಾಂಗಳನ್ನು ಪ್ಯಾಕ್ ಮಾಡಿ ಓಡಿಸುವ ಡಾಕರ್ ಎಂಬ ಸಾಧನದ ಕಂಟೇನರ್‌ಗೂ ಸಂಬಂಧವಿಲ್ಲ. ವೆಬ್ ಆ್ಯಪ್, ಡೇಟಾಬೇಸ್ ಇಂಥವನ್ನು ಅದು ಕಂಟೇನರ್ ಅನ್ನುತ್ತದೆ. ಹೊಸಬರಿಗೆ ಇದನ್ನು ಮೊದಲೇ ಹೇಳಿಬಿಡಿ.

ಬಣ್ಣ ಹಾಕಬಹುದು, ಆದರೆ ಅರ್ಥವನ್ನು ಬಣ್ಣವೊಂದಕ್ಕೇ ಬಿಡಬೇಡಿ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರೂ ಟೀಮಿನಲ್ಲಿ ಇರುತ್ತಾರೆ.

ಸಾಧ್ಯವಾದರೆ ಚಿತ್ರವನ್ನು ಮರ್ಮೇಯ್ಡ್ ಅಥವಾ ಪ್ಲಾಂಟ್‌ಯುಎಂಎಲ್‌ನಲ್ಲಿ (ಬರೆದ ಸಾಲುಗಳಿಂದ ಚಿತ್ರ ಮೂಡಿಸುವ ಸಾಧನಗಳು) ಅಕ್ಷರರೂಪದಲ್ಲಿ ಬರೆದು ಕೋಡ್ ಜೊತೆಗೇ ಇಡಿ. ಬಾಕ್ಸ್‌ಗಳನ್ನು ಬೇಕಾದ ಕಡೆ ಕೂರಿಸಲು ಅಷ್ಟು ಹಿಡಿತ ಸಿಗುವುದಿಲ್ಲ, ನಿಜ. ಆದರೆ ಕೋಡ್ ಬದಲಾದಾಗ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಪರಿಶೀಲಿಸಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಚಿತ್ರವನ್ನೂ ಬದಲಾಯಿಸಬಹುದು. ಏನು ಬದಲಾಯಿತು ಅಂತ ರಿವ್ಯೂ ಮಾಡುವವರಿಗೆ ಸಾಲು ಸಾಲಾಗಿ ಕಾಣುತ್ತದೆ.

ಮುಗಿದ ಮೇಲೆ, ಮೀಟಿಂಗ್‌ನಲ್ಲಿ ಇಲ್ಲದಿದ್ದ ಒಬ್ಬರಿಗೆ ಚಿತ್ರ ಕೊಡಿ. ‘ಇದರಲ್ಲಿ ಏನಾಗ್ತಿದೆ ಹೇಳಿ’ ಅಂದು ಸುಮ್ಮನಿರಿ. ವಿವರಿಸಲು ಬಾಯಿ ತುಡಿಯುತ್ತದೆ, ತಡೆದುಕೊಳ್ಳಿ. ಅವರು ತಡವರಿಸಿದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ನನ್ನ ಆ ತಪ್ಪು ಬಾಣವನ್ನೂ ಹೀಗೇ ತಿದ್ದಿದೆ. ನಡುವೆ ಒಂದು ಮೆಸೇಜ್ ಕ್ಯೂ, ಅಂದರೆ ಸಂದೇಶಗಳನ್ನು ಸಾಲಾಗಿ ಹಿಡಿದಿಟ್ಟು ಮುಂದೆ ತಲುಪಿಸುವ ಭಾಗ, ಬಂತು. ಬಾಣಕ್ಕೆ ತೆರೆದ ತಲೆ ಹಾಕಿದೆ. ಮೇಲೆ ‘ಆರ್ಡರ್ ಖಚಿತವಾಯಿತು ಎಂದು ತಿಳಿಸುತ್ತದೆ, ಕಾಯುವುದಿಲ್ಲ’ ಎಂದು ಬರೆದೆ. ಟೀಮಿಗೆ ಹೊಸದಾಗಿ ಬಂದಿದ್ದ ಟೆಸ್ಟರ್ ಒಬ್ಬರು ಅದನ್ನು ಓದುತ್ತಾ ಹೋಗಿ ಕ್ಯೂ ಹತ್ತಿರ ನಿಂತರು. ‘ಇದೇ ಸುದ್ದಿ ಎರಡು ಸಲ ಬಂದರೆ ಎರಡು ಇನ್‌ವಾಯ್ಸ್ ಆಗಲ್ವಾ?’ ಎಂದು ಕೇಳಿದರು. ಕೋಡ್‌ನಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಅಂದೇ ಸಂಜೆ ಚಿತ್ರಕ್ಕೆ ಒಂದು ‘ಆಪ್ಟ್’ ಚೌಕಟ್ಟು (ಷರತ್ತು ನಿಜವಾದರೆ ಮಾತ್ರ ಒಳಗಿನದು ನಡೆಯುತ್ತದೆ ಎಂಬ ಗುರುತು) ಸೇರಿಸಿ, ಅದರ ಷರತ್ತಿನ ಜಾಗದಲ್ಲಿ ‘ಈ ಆರ್ಡರ್‌ಗೆ ಇನ್‌ವಾಯ್ಸ್ ಇನ್ನೂ ಇಲ್ಲದಿದ್ದರೆ’ ಎಂದು ಬರೆದೆವು.