ಕೊರಿಯಾದ ಗುರುವನ್ನು ಅರಿಯಲು ಎಲ್ಲಿಂದ ಆರಂಭಿಸಬೇಕು

ಕೊರಿಯಾದ ಸಾಂಪ್ರದಾಯಿಕ ಚಿಂತನೆಯಲ್ಲಿ ಗುರುವಿನ ಸ್ಥಾನವೇನೆಂದು ತಿಳಿಯಹೊರಟವರಿಗೆ ಮೊದಲು ಎದುರಾಗುವುದು ‘ಅರಸ, ಗುರು, ತಂದೆ ಮೂವರೂ ಒಂದೇ’ ಎಂಬ ಮಾತು. ಗುರುವಿನ ನೆರಳನ್ನೂ ತುಳಿಯಬಾರದು ಎಂಬುದು ಅದರ ಬೆನ್ನಿಗೇ ಬರುತ್ತದೆ. ಇವೆರಡನ್ನೂ ಸದ್ಯಕ್ಕೆ ಬದಿಗಿಡಿ. ಇವು ಸುಳ್ಳಲ್ಲ, ಆದರೆ ಇವುಗಳಿಂದಲೇ ಆರಂಭಿಸಿದರೆ ಗುರುವೆಂದರೆ ಪ್ರಶ್ನಿಸಬಾರದವರು ಎಂಬ ಕಲ್ಪನೆ ಮನಸ್ಸಿನಲ್ಲಿ ಬೇರೂರಿಬಿಡುತ್ತದೆ.

1559ರಲ್ಲಿ ಮೊದಲಾದ ಒಂದು ಪತ್ರವ್ಯವಹಾರವನ್ನು ಕೈಗೆತ್ತಿಕೊಳ್ಳಿ. ಕೊರಿಯಾವನ್ನು ಆಳಿದ ಜೋಸನ್ ರಾಜವಂಶದ ಕಾಲದ ಮಹಾವಿದ್ವಾಂಸ ಇ ಹ್ವಾಂಗ್, ಅಂದರೆ ತ್ವೇಗ್ಯೆಯವರಿಗೆ, ಆಗ 58 ವರ್ಷ. ರಾಜಧಾನಿಯ ಸೊಂಗ್‌ಗ್ಯುನ್‌ಗ್ವಾನ್ ವಿದ್ಯಾಪೀಠದ ಮುಖ್ಯಸ್ಥರಾಗಿದ್ದವರು. ಅವರಿಗೆ ಆಕ್ಷೇಪ ಬರೆದ ಗೋಬೊಂಗ್ (ಕಿ ದೇಸುಂಗ್) 32ರ ತರುಣ. ಹಿಂದಿನ ವರ್ಷವಷ್ಟೇ ರಾಜಸೇವೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಕರುಣೆ, ಲಜ್ಜೆ, ವಿನಯ, ಸರಿತಪ್ಪುಗಳ ಅರಿವು ಎಂಬ ಸದ್ಗುಣದ ನಾಲ್ಕು ಅಂಕುರಗಳು ‘ರಿ’ಯಿಂದಲೂ, ಸಂತೋಷ, ಸಿಟ್ಟು ಮೊದಲಾದ ಏಳು ಭಾವಗಳು ‘ಗಿ’ಯಿಂದಲೂ ಹೊಮ್ಮುತ್ತವೆ ಎಂಬುದು ತ್ವೇಗ್ಯೆಯವರ ನಿಲುವು. ರಿ ಎಂದರೆ ವಸ್ತುವಿನ ಒಳನಿಯಮ, ಗಿ ಎಂದರೆ ಅದಕ್ಕೆ ಮೈಕೊಡುವ ಶಕ್ತಿ. ಒಂದೇ ಮನಸ್ಸಿನಲ್ಲಿ ಹುಟ್ಟುವುದನ್ನು ಹೀಗೆ ಎರಡು ಮೂಲಗಳಿಗೆ ಹಂಚುವುದು ಸರಿಯೇ ಎಂದು ಗೋಬೊಂಗ್ ಕೇಳಿದರು.

ಓದುವಾಗ ಸೋಲುಗೆಲುವನ್ನು ಹುಡುಕಬೇಡಿ. ಹಿರಿಯರ ವಾಕ್ಯ ಬದಲಾಗುವ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಏಳೆಂಟು ವರ್ಷ ನಡೆದ ಈ ಚರ್ಚೆಯಲ್ಲಿ ತ್ವೇಗ್ಯೆ ತಮ್ಮ ಮೂಲ ನಿಲುವನ್ನು ಬಿಟ್ಟುಕೊಡಲಿಲ್ಲ, ಆದರೆ ಮಾತನ್ನು ತಿದ್ದಿದರು: ಅಂಕುರಗಳಲ್ಲಿ ರಿ ಹೊಮ್ಮಿದಾಗ ಗಿ ಅದನ್ನು ಹಿಂಬಾಲಿಸುತ್ತದೆ, ಭಾವಗಳಲ್ಲಿ ಗಿ ಹೊಮ್ಮಿದಾಗ ರಿ ಅದರ ಮೇಲೆ ಸವಾರಿ ಮಾಡುತ್ತದೆ. 1568ರಲ್ಲಿ ಎಳೆಯ ಅರಸ ಸೊಂಜೊಗೆ ಒಪ್ಪಿಸಿದ ಹತ್ತು ರೇಖಾಚಿತ್ರಗಳ ಕೃತಿಯಲ್ಲಿ ಅವರು ಸೇರಿಸಿದ್ದು ಈ ತಿದ್ದಿದ ರೂಪವನ್ನೇ. ತನಗಿಂತ 26 ವರ್ಷ ಕಿರಿಯನ ಆಕ್ಷೇಪದಿಂದ ಹದಗೊಂಡ ಮಾತನ್ನು ಅರಸನಿಗೆ ಪಾಠವಾಗಿ ಕೊಟ್ಟ ಈ ಗುರುವಿನ ಮುಂದೆ ನನಗೆ ತಲೆ ತಾನಾಗಿ ಬಾಗುತ್ತದೆ.

ಈಗ ತ್ವೇಗ್ಯೆಯವರ ಬೋಧನೆಯಲ್ಲಿ ಬರುವ ‘ಗ್ಯೊಂಗ್’ ಎಂಬ ಪದಕ್ಕೆ ಬನ್ನಿ. ಇದನ್ನು ಬರಿಯ ಗೌರವ ಎಂದು ಕನ್ನಡಿಸಿದರೆ ಅರ್ಥ ಅರ್ಧವೇ ಉಳಿಯುತ್ತದೆ. ಮನಸ್ಸು ಚದುರದಂತೆ ಕಾಯ್ದುಕೊಳ್ಳುವ ಶ್ರದ್ಧೆ ಎಂದುಕೊಳ್ಳಿ. ಗುರು ಇದನ್ನು ಬೋಧಿಸಿದರೆ ಸಾಲದು, ಏಳುವಾಗ, ಕೂರುವಾಗ, ಉತ್ತರ ಬರೆಯುವಾಗ ಅದು ಅವರ ನಡೆಯಲ್ಲಿ ಶಿಷ್ಯರಿಗೆ ಕಾಣಬೇಕು. ಆರಂಭದಲ್ಲಿ ಬದಿಗಿಟ್ಟ ಮಾತುಗಳನ್ನು ಈಗ ಮತ್ತೆ ಓದಿದರೆ, ಗೌರವವೂ ಪ್ರಶ್ನೆಯೂ ಒಂದೇ ಶ್ರದ್ಧೆಯಿಂದ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ.

ಹಳ್ಳಿಯ ಸೋದಾಂಗ್ ಶಾಲೆಗಳ ಬಗ್ಗೆಯೂ ತುಸು ಓದಿಕೊಳ್ಳಿ. ಅಲ್ಲಿ ಮಗು ಕಲಿತ ಪಾಠವನ್ನು ಗುರುವಿನ ಮುಂದೆ ಒಪ್ಪಿಸಬೇಕಿತ್ತು. ಒಂದು ಪುಸ್ತಕ ಮುಗಿದಾಗ ಮನೆಯವರು ಅಕ್ಕಿಯ ಕಡುಬು ಮಾಡಿ ಗುರುವಿಗೂ ಸಹಪಾಠಿಗಳಿಗೂ ಹಂಚುತ್ತಿದ್ದರು.

ಆಂದೋಂಗ್‌ಗೆ, ಅಂದರೆ ತ್ವೇಗ್ಯೆಯವರ ಊರಿಗೆ, ಹೋಗುವ ಅವಕಾಶ ಸಿಕ್ಕರೆ ಅಲ್ಲಿನ ಅವರ ವಿದ್ಯಾಕೇಂದ್ರವಾದ ದೋಸಾನ್‌ನಲ್ಲಿ ಮೊದಲು ಕೆಳಗಿನ ಪುಟ್ಟ ಪಾಠಶಾಲೆಯನ್ನು ನೋಡಿ. ತ್ವೇಗ್ಯೆ ಬದುಕಿದ್ದಾಗ ಪಾಠ ಹೇಳಿದ್ದು ಅಲ್ಲಿ, ಒಂದು ಕೋಣೆ ಮತ್ತು ಮರದ ಹಲಗೆಯ ಜಗಲಿಯಲ್ಲಿ. ಅದರ ಹಿಂದೆ ಎತ್ತರದಲ್ಲಿರುವ ಉಪನ್ಯಾಸ ಮಂದಿರ ಮತ್ತು ಪೂಜಾಗೃಹಗಳು 1570ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಕಟ್ಟಿಸಿದವು. ಕೊನೆಗೆ ಅವರ ಸಮಾಧಿಶಿಲೆಯ ಬರಹವನ್ನು ಓದಿ. ಅದರ ಪದ್ಯವನ್ನು ತ್ವೇಗ್ಯೆ ತಾವೇ ಬರೆದಿಟ್ಟಿದ್ದರು. ಅದಕ್ಕೆ ಮುಂದಿನ ಭಾಗ ಸೇರಿಸಿದವರು ಗೋಬೊಂಗ್.