ಕಾರ್ಖಾನೆ ಕ್ಯಾಂಟೀನಿನ ಊಟ ನಿಲ್ಲದಂತೆ ನೋಡಿಕೊಳ್ಳುವ ಬಗೆ

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಹಗಲಿರುಳು ಪಾಳಿಯಲ್ಲಿ ನಡೆಯುತ್ತವೆ. ಇಂಥಲ್ಲಿ ಗುತ್ತಿಗೆಯ ಮೇಲೆ ಕ್ಯಾಂಟೀನ್ ನಡೆಸುವವರು ಅಡಚಣೆಯ ಕಾಲದ ಯೋಜನೆಯನ್ನು ರಾತ್ರಿ ಪಾಳಿಯ ಊಟದಿಂದಲೇ ಆರಂಭಿಸಬೇಕು. ಹಗಲಿನವರಿಗೆ ಗೇಟಿನ ಹೊರಗೆ ಏನಾದರೂ ಸಿಕ್ಕೀತು. ನಡುರಾತ್ರಿ ಎರಡು ಗಂಟೆಗೆ ಹಸಿದವರಿಗೆ ನಮ್ಮ ಅಡುಗೆಮನೆಯ ಹೊರತು ಬೇರೆ ಆಸರೆಯಿಲ್ಲ.

ಮೊದಲು, ಏನೇ ಕೈಕೊಟ್ಟರೂ ಬಡಿಸಬಲ್ಲ ಕನಿಷ್ಠ ಊಟವನ್ನು ಗೊತ್ತುಮಾಡಿ. ಈ ವಿಷಯದಲ್ಲಿ ನಮ್ಮ ಭಾಗ ಪುಣ್ಯವಂತ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿಗೆ ಒಲೆಯೂ ಬೇಡ, ಫ್ರಿಜ್ಜೂ ಬೇಡ. ಒಂದೇ ಒಲೆ ಉರಿದರೂ ತೊಗರಿ ಬೇಳೆಯ ಸಾರು, ಅನ್ನ ಆಗುತ್ತದೆ. ರೊಟ್ಟಿ ಮಾಡುವ ಮಹಿಳಾ ಸಂಘದೊಂದಿಗೆ ಮೊದಲೇ ಮಾತಾಡಿ, ಕನಿಷ್ಠ ಎರಡು ದಿನಕ್ಕಾಗುವಷ್ಟು ರೊಟ್ಟಿಯನ್ನು ಗಾಳಿಯಾಡದ ಡಬ್ಬಿಗಳಲ್ಲಿ ಇಡಬೇಕು. ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯುವುದರಿಂದ, ಹಳೆಯದನ್ನು ವಾರವಾರವೂ ಬಡಿಸಿ ಖಾಲಿ ಮಾಡುತ್ತ ಹೊಸದನ್ನು ತುಂಬುತ್ತಿರಬೇಕು.

ಆಮೇಲೆ, ಅಡ್ಡಿಗಳನ್ನು ನಮ್ಮ ಊರಿನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಗುರುತಿಸಿ. ಮಳೆಗಾಲದಲ್ಲಿ ಮಳಖೇಡದ ಬಳಿ ಕಾಗಿಣಾ ನದಿ ಉಕ್ಕಿದರೆ ಕಲಬುರಗಿ–ಸೇಡಂ ರಸ್ತೆಯ ಸಂಚಾರ ನಿಲ್ಲುತ್ತದೆ. ಆದ್ದರಿಂದ ತರಕಾರಿ, ಹಾಲು, ಸಿಲಿಂಡರ್ ಪೂರೈಸುವವರೆಲ್ಲ ನದಿಯ ಒಂದೇ ದಡದವರಾಗಿರಬಾರದು. ಎಳ್ಳಮಾವಾಸ್ಯೆಗೆ ಸಹಾಯಕರು ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಅರ್ಪಿಸಲು) ಹೊಲಕ್ಕೆ ಹೋಗಿಯೇ ಹೋಗುತ್ತಾರೆ, ತೊಗರಿ ರಾಶಿಯ ದಿನಗಳಲ್ಲಿಯೂ ಅಷ್ಟೇ. ಅದನ್ನು ಗೈರುಹಾಜರಿ ಎಂದು ದೂರುವುದಕ್ಕಿಂತ, ಒಂದು ತಿಂಗಳು ಮೊದಲೇ ರಜೆಯ ಸರದಿ ಬರೆದಿಡುವುದು ನ್ಯಾಯ. ಮುಖ್ಯ ಅಡುಗೆಯವರ ಅಳತೆಗಳು ಅವರ ಕೈಯಲ್ಲಷ್ಟೇ ಉಳಿಯದೆ, ನೂರು ಜನರ ಲೆಕ್ಕದಲ್ಲಿ ಗೋಡೆಯ ಮೇಲೆ ಇರಲಿ.

ವಿದ್ಯುತ್ ಹೋದಾಗ ಗ್ಯಾಸ್ ಒಲೆ ನಿಲ್ಲುವುದಿಲ್ಲ. ಗ್ರೈಂಡರ್, ನೀರಿನ ಮೋಟಾರು, ಹೊಗೆ ಎಳೆಯುವ ಫ್ಯಾನು ನಿಲ್ಲುತ್ತವೆ. ಹೀಗಾಗಿ ಕುಟ್ಟಿದ ಮಸಾಲೆಯ ದಾಸ್ತಾನು, ಎತ್ತರದಲ್ಲಿಟ್ಟ ನೀರಿನ ಟ್ಯಾಂಕು ಜನರೇಟರಿನಷ್ಟೇ ಮುಖ್ಯ. ದಿನಕ್ಕೆಷ್ಟು ನೀರು, 19 ಕಿಲೋದ ಎಷ್ಟು ಸಿಲಿಂಡರ್ ಬೇಕು ಎಂಬುದನ್ನು ಅಂದಾಜಿಗೆ ಬಿಡದೆ ಒಂದು ವಾರ ಅಳೆದು ಬರೆದುಕೊಳ್ಳಿ. ಸಿಲಿಂಡರ್‌ಗಳನ್ನು ಮಾತ್ರ ನಿಯಮ ಅನುಮತಿಸಿದ ಸಂಖ್ಯೆಗಿಂತ ಹೆಚ್ಚು ಕೂಡಿಡಬೇಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಬೇಸಿಗೆಯದು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತೂ ರೋಗಾಣುಗಳು ಬೆಳೆಯುತ್ತಿರುತ್ತವೆ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಬಿಸಿಲಿನಲ್ಲಿ ಅದು ಇನ್ನೂ ಬೇಗ. ಊಟ ಕಡಿಮೆ ಬಿತ್ತೆಂದು ಹಗಲಿನಲ್ಲಿ ಉಳಿದ ಅನ್ನವನ್ನು ರಾತ್ರಿ ಪಾಳಿಗೆ ಸಾಗಿಸುವ ಆಸೆಗೆ ಬೀಳಲೇಬಾರದು. ರೋಗಾಣುಗಳಿಂದ ಒಮ್ಮೆ ಉಂಟಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಯಾರಿಗಾದರೂ ವಾಂತಿ-ಭೇದಿಯಾದರೆ ಬಡಿಸುವುದನ್ನು ತಕ್ಷಣ ನಿಲ್ಲಿಸಿ, ಉಳಿದ ಆಹಾರವನ್ನು ಚೆಲ್ಲದೆ ಪರೀಕ್ಷೆಗಾಗಿ ಬೇರೆಯಾಗಿ ತೆಗೆದಿರಿಸಿ, ಕಾರ್ಖಾನೆಯ ವೈದ್ಯರಿಗೆ ತಿಳಿಸಬೇಕು.

ಅಂಥ ದಿನ ಅಡುಗೆಮನೆಯೇ ಮುಚ್ಚಬೇಕಾಗುತ್ತದೆ. ಅದಕ್ಕಾಗಿ ಆಹಾರ ಸುರಕ್ಷತಾ ಪರವಾನಗಿಯಿರುವ ಇನ್ನೊಂದು ಅಡುಗೆಮನೆಯೊಂದಿಗೆ ಲಿಖಿತ ಒಪ್ಪಂದವಿರಲಿ. ಕನಿಷ್ಠ ಊಟಕ್ಕೆ ಇಳಿಯುವ ನಿರ್ಧಾರ ಯಾರದು, ಹೊರಗಿನಿಂದ ತರಿಸಿದ ಊಟದ ಹೆಚ್ಚುವರಿ ವೆಚ್ಚ ಯಾರ ಪಾಲಿಗೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದೂ ಕಾರ್ಖಾನೆಯೊಂದಿಗಿನ ಕರಾರಿನಲ್ಲೇ ಇರಬೇಕು. ದಂಡದ ಕಲಮು ಮಾತ್ರ ಇದ್ದು ಇವು ಇಲ್ಲದ ಕರಾರಿಗೆ ಸಹಿ ಹಾಕಬೇಡಿ.

ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ, ಮುಖ್ಯ ಅಡುಗೆಯವರಿಗೆ ರಜೆ ಕೊಟ್ಟು, ಕರೆಂಟ್ ತೆಗೆದು, ಕನಿಷ್ಠ ಊಟವನ್ನೇ ನಿಜವಾಗಿ ಬಡಿಸಿ ನೋಡಿ. ತಟ್ಟೆ ಎಷ್ಟು ಹೊತ್ತಿಗೆ ಕೈಗೆ ಬಂತೆಂದು ಉಂಡವರನ್ನೇ ಕೇಳಿ ಬರೆದುಕೊಳ್ಳಿ.