ಕಥೆಯ ಪಾಠದಲ್ಲಿ ನನ್ನ ಮೊದಲ ಪ್ರಶ್ನೆ: ಯಾಕೆ?

ನಾನು ಮಾನ್ವಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಕಥಾಹಂದರ, ಸಂಘರ್ಷ, ನಿರೂಪಕ, ಆಶಯ ಅಂದರೇನು ಅಂತ ಕೇಳಿದರೆ ನಮ್ಮ ಮಕ್ಕಳು ಪಟಪಟ ಹೇಳುತ್ತಾರೆ. ಹೊಸ ಕಥೆಯೊಂದನ್ನು ಕೈಗೆ ಕೊಟ್ಟು ‘ಇದರಲ್ಲಿ ಸಂಘರ್ಷ ಎಲ್ಲಿದೆ?’ ಅಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ನಾನು ಹೆಸರುಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಬೋರ್ಡಿನ ಮೇಲೆ ಇಷ್ಟು ಬರೆಯುತ್ತೇನೆ:

‘ಕಾಲುವೆಗೆ ನೀರು ಬಂತು. ಹನುಮಂತ ಊರಿಗೆ ಬಂದ.’

ಅದರ ಕೆಳಗೆ: ‘ಕಾಲುವೆಗೆ ನೀರು ಬಂತು ಅಂತ ಕೇಳಿ, ಗುಳೆ ಹೋಗಿದ್ದ ಹನುಮಂತ ಊರಿಗೆ ಬಂದ.’

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರಿಗೂ ಗುಳೆಗೂ ಇರುವ ನಂಟನ್ನು ಈ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದರಲ್ಲಿ ಎರಡು ಘಟನೆಗಳು ಒಂದರ ಹಿಂದೆ ಒಂದು ನಡೆದಿವೆ, ಅಷ್ಟೆ. ಎರಡನೆಯದರಲ್ಲಿ ಒಂದು ನಡೆದದ್ದಕ್ಕೇ ಇನ್ನೊಂದು ನಡೆದಿದೆ. ಹೀಗೆ ಕಾರಣದಿಂದ ಕೂಡಿಕೊಂಡದ್ದೇ ಕಥಾಹಂದರ ಅಂತ ಆಗ ಹೇಳುತ್ತೇನೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಇದನ್ನೇ ರಾಜ-ರಾಣಿಯ ಸಾವಿನ ಉದಾಹರಣೆ ಕೊಟ್ಟು ವಿವರಿಸಿದ್ದರು. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಬರೀ ಕಥೆ. ಆ ದುಃಖದಲ್ಲಿ ರಾಣಿ ಸತ್ತಳು ಅಂದರೆ ಕಥಾಹಂದರ. ನಮ್ಮ ಮಕ್ಕಳಿಗೆ ಕಾಲುವೆಯೇ ಬೇಗ ತಲೆಗೆ ಹತ್ತುತ್ತದೆ.

ಮುಂದೇನು ಅಂತ ಕೇಳಿದೆ. ‘ಆದ್ರ ಅವನ ಹೊಲದ ತನಕ ನೀರು ಬರ್ಲಿಲ್ರೀ ಸರ್’ ಅಂದಳು ಒಬ್ಬ ಹುಡುಗಿ. ಯಾಕೆ? ‘ಮ್ಯಾಲಿನ ಹೊಲದವ್ರು ತಿರುಗಿಸ್ಕೊಂಡ್ರು.’ ಇದು ಹೊರಗಿನ ಸಂಘರ್ಷ. ಮೇಲಿನ ಹೊಲ ಅವನ ಸೋದರಮಾವನದೇ ಆಗಿದ್ದರೆ? ಕ್ಲಾಸು ಒಮ್ಮೆಲೇ ಗದ್ದಲವಾಯಿತು. ಜಗಳಕ್ಕೆ ಹೋಗಬೇಕೋ, ಸಂಬಂಧ ಉಳಿಸಿಕೊಳ್ಳಬೇಕೋ? ಈ ಒದ್ದಾಟ ಒಳಗಿನದು. ನನ್ನ ಮಟ್ಟಿಗೆ ಕಥೆ ನಿಜವಾಗಿ ಶುರುವಾಗುವುದೇ ಇಲ್ಲಿ.

ಆಮೇಲೆ ಅರ್ಧ ಕ್ಲಾಸಿಗೆ ಹನುಮಂತನಾಗಿ, ಉಳಿದರ್ಧಕ್ಕೆ ಮಾವನಾಗಿ ‘ನಾನು’ ಅಂತ ಬರೆಯಲು ಹೇಳಿದೆ. ಮಾವನಾಗಿ ಬರೆದ ಹುಡುಗನೊಬ್ಬನ ಮೊದಲ ಸಾಲು: ‘ನನ್ನ ಭತ್ತಕ್ಕೆ ಇನ್ನೊಂದೇ ಒಂದು ನೀರು ಬೇಕಿತ್ತು.’ ಅಲ್ಲಿಯವರೆಗೆ ಕೆಟ್ಟವನಾಗಿದ್ದ ಮಾವ ಈಗ ಬರೀ ಇನ್ನೊಬ್ಬ ರೈತ. ಘಟನೆ ಒಂದೇ, ಹೇಳುವವರು ಬದಲಾದರು. ದೃಷ್ಟಿಕೋನ ಅಂದರೇನು ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ. ಆ ಹುಡುಗನ ಮನೆಗೆ ಒಂದು ಗುಂಟೆ ಹೊಲವೂ ಇಲ್ಲ. ಲೇಖಕ ಬೇರೆ, ನಿರೂಪಕ ಬೇರೆ ಅನ್ನುವುದು ಕೂಡ ಅದರಿಂದಲೇ ಎಲ್ಲರಿಗೂ ತಿಳಿಯಿತು.

ಪಾತ್ರದ ವಿಷಯಕ್ಕೆ ನನ್ನದು ಒಂದೇ ಹಟ. ‘ಹನುಮಂತ ಒಳ್ಳೆಯವನು’ ಅಂತ ಬರೆದರೆ ಒಪ್ಪುವುದಿಲ್ಲ. ಅವನು ಏನು ಮಾಡಿದ, ಬರಿ ಅನ್ನುತ್ತೇನೆ.

ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಎಂಬ ಐದು ಭಾಗಗಳಿಗೆ ನಾನು ಜಾಸ್ತಿ ಹೊತ್ತು ಕೊಡುವುದಿಲ್ಲ. 1863ರಲ್ಲಿ ಜರ್ಮನಿಯ ಗುಸ್ಟಾವ್ ಫ್ರೈಟಾಗ್ ಅದನ್ನು ಹೇಳಿದ್ದು ನಾಟಕಗಳಿಗೆ. ಎರಡು ಪುಟದ ಕಥೆಯಲ್ಲಿ ಐದನ್ನೂ ಹುಡುಕಿಸುವುದು ಸುಮ್ನೆ ಹಿಂಸೆ.

ಆಶಯ ಕೇಳಿದರೆ ಮಕ್ಕಳು ನೀತಿ ಬರೆಯುತ್ತಾರೆ: ‘ನೀರನ್ನು ಹಂಚಿಕೊಳ್ಳಬೇಕು.’ ಅದು ಬುದ್ಧಿಮಾತು. ಇರುವ ನೀರು ಎಲ್ಲರಿಗೂ ಸಾಲದೇ ಹೋದಾಗ ಸಂಬಂಧಗಳು ಏನಾಗುತ್ತವೆ ಅನ್ನುವುದು ಈ ಕಥೆಯ ಆಶಯ. ಪರೀಕ್ಷೆಯಲ್ಲಿ ಯಾವ ಅಂಶದ ಬಗ್ಗೆ ಬರೆದರೂ, ಕಥೆಯಲ್ಲಿ ಅದು ಕಾಣುವ ಒಂದು ಸಾಲನ್ನು ಜೊತೆಗೆ ಕೊಡಲೇಬೇಕು ಅಂತ ಹೇಳಿಟ್ಟಿದ್ದೇನೆ.